ಎಡಗೈ ದಂಡನಾಯಕನ ಕೋಟು

“ಕೈಗವಸು ಹಾಕ್ಕೊಂಡೇ ಮುಟ್ಟಬೇಕು,” ಎಂದರು ಮೇಡಂ. “ಬರಿಗೈ ತಾಗಿದರೆ ಬೆವರು ಹಿಡಿಯುತ್ತೆ. ಇನ್ನೂರು ವರ್ಷದ ಬಟ್ಟೆ ಇದು.”

ಹೊಲಿಗೆಯವಳು ಬಿಳಿ ಹತ್ತಿಯ ಕೈಗವಸಿನೊಳಗೆ ಬೆರಳು ತೂರಿಸಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ತೋರುಬೆರಳಿನ ತುದಿಗೆ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತು. ಇದನ್ನು ಹಾಕಿಕೊಂಡು ಸೂಜಿ ಹಿಡಿಯುವುದು ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ವಸ್ತುಸಂಗ್ರಹಾಲಯದಂಥ ಜಾಗದಿಂದ ಕೆಲಸಕ್ಕೆ ಕರೆ ಬಂದದ್ದು ಇದೇ ಮೊದಲು. ಸಂಜೆ ತರಗತಿಯಲ್ಲಿ ಹೊಲಿಗೆ ಕಲಿಸಿದ್ದ ಟೀಚರು ಅವಳ ಹೆಸರು ಹೇಳಿದ್ದರಂತೆ. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ, ನನ್ನಿಂದ ಆಗುತ್ತೋ ಇಲ್ಲವೋ ಎಂದು ಸೂಜಿಡಬ್ಬಿಯನ್ನು ಮೂರು ಸಲ ತೆಗೆದು ನೋಡಿದ್ದಳು.

ಇಬ್ಬರು ಕೆಲಸದವರು ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟು, ಕೈಕಟ್ಟಿ ಒಂದು ಗಳಿಗೆ ನಿಂತು ಹೋದರು. ಮೇಡಂ ತೆಳು ಕಾಗದದ ಪದರಗಳನ್ನು ಒಂದೊಂದಾಗಿ ಸರಿಸಿದರು. ಇಡೀ ಸಂಗ್ರಹಾಲಯಕ್ಕೆ ಅವರೇ ಕ್ಯುರೇಟರು. ಸಣ್ಣ ಮೈ, ನೆರೆತ ಗಿಡ್ಡ ಕೂದಲು, ಮಲಗಿದ ಮಗುವಿನ ಹೊದಿಕೆ ಸರಿಸುವಂಥ ಕೈ.

“ದಂಡನಾಯಕನ ಕೋಟು,” ಎಂದರು. “ಸೋಮವಾರ ಹೊಸ ಕೊಠಡಿಯ ಉದ್ಘಾಟನೆ. ಮೊನ್ನೆ ಗೊಂಬೆಗೆ ತೊಡಿಸೋವಾಗ ಎಡಗಂಕುಳ ಹತ್ತಿರ ಅಸ್ತರು ಹರೀತು. ಅದನ್ನ ಸೇರಿಸಿ ಹೊಲಿದರೆ ಸಾಕು. ಬೇರೆಲ್ಲೂ ಕೈ ಹಚ್ಚಬೇಡಿ.”

ಕಡುಹಸಿರು ಉಣ್ಣೆಯ ಉದ್ದ ಕೋಟು. ಎದೆಯ ಮೇಲೆ ಕಪ್ಪಿಟ್ಟ ಜರಿಪಟ್ಟಿ, ಒಂಬತ್ತು ಹಿತ್ತಾಳೆ ಗುಂಡಿ, ತೋಳಿನ ತುದಿಗೆ ಗೇಣುದ್ದ ಮಡಿಚಿದ ಕೆಂಪು ಮಖಮಲ್ಲು. ಮೊಣಕೈ ಸವೆದಿತ್ತು. ಕೊರಳಪಟ್ಟಿಯ ಅಂಚಿನಲ್ಲಿ ಯಾರದೋ ಕತ್ತಿನ ಜಿಡ್ಡು ಹಿಡಿದಂತಿತ್ತು. ಅವಳು ಅಭ್ಯಾಸಬಲದಿಂದ ಮೊದಲು ಮಖಮಲ್ಲನ್ನು ಸವರಿದಳು. ಬಲತೋಳಿನಲ್ಲಿ ಅದರ ರೋಮ ಕೆಳಮುಖವಾಗಿ ಮಲಗಿತ್ತು. ಎಡತೋಳಿನಲ್ಲಿ ಮೇಲ್ಮುಖವಾಗಿ.

ಅವಳ ಕೈ ಅಲ್ಲೇ ನಿಂತಿತು.

“ಏನು ನೋಡ್ತಿದ್ದೀರಿ?” ಮೇಡಂ ಖುಷಿಯಿಂದ ಹತ್ತಿರ ಬಂದರು. “ಹೊಲಿಗೆ ನೋಡಿ, ಹೊಲಿಗೆ. ಒಂದು ಇಂಚಿಗೆ ಹದಿನಾರು ಟಾಕಿ ಎಣಿಸಿದ್ದೀನಿ. ಬೇಜಾರು ಮಾಡ್ಕೋಬೇಡಿ, ಇಂಥದ್ದು ಈಗಿನ ದರ್ಜಿಗಳಿಗೆ ಬರಲ್ಲ. ಆ ಕೈಗಳೇ ಬೇರೆ.”

ಅವಳು ತಲೆಯಾಡಿಸಿದಳು. ನನಗೆ ಭ್ರಮೆ ಎಂದುಕೊಂಡಳು. ಮಖಮಲ್ಲು ಸಾಲದೆ ಬಂದಾಗ ತನ್ನ ಹಾಗೆ ಯಾರು ಬೇಕಾದರೂ ಒಂದು ತುಂಡನ್ನು ಉಲ್ಟಾ ಕತ್ತರಿಸಿರಬಹುದು. ಇನ್ನೂರು ವರ್ಷದ ಹಿಂದೆಯೂ ಮಖಮಲ್ಲು ಸಾಲದೆ ಬಂದಿರಬಹುದು.

“ಈಗ ಗುಂಡಿ ನೋಡಿ,” ಮೇಡಂ ಪಾಠ ಶುರು ಮಾಡಿದರು. ಎಷ್ಟೋ ಸಲ ಹೇಳಿ ನುಣುಪಾದ ಮಾತು. “ಗಂಡಸರ ಕೋಟಲ್ಲಿ ಎಡಭಾಗ ಮೇಲೆ ಬರುತ್ತೆ. ಬಲಗೈಲಿ ಕತ್ತಿ ಎಳೆಯೋವಾಗ ಹಿಡಿ ಅಂಚಿಗೆ ಸಿಕ್ಕಬಾರದು ಅಂತ. ಇದರಲ್ಲಿ ಬಲಭಾಗ ಮೇಲೆ. ಯಾಕೆ? ಯಾಕೇಂದ್ರೆ ದಂಡನಾಯಕ ಎಡಚ! ಯಾವ ಶಾಸನದಲ್ಲೂ ಇಲ್ಲ, ಯಾವ ದಾಖಲೆಯಲ್ಲೂ ಇಲ್ಲ. ಈ ಕೋಟೇ ಹೇಳ್ತು. ನನ್ನ ಹನ್ನೆರಡು ವರ್ಷ ಇದರಲ್ಲಿದೆ.”

ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಕಾಗದ ಅಂಟಿಸಿತ್ತು. ದಾನಿಗಳ ವಂಶದಲ್ಲಿ ಆರು ತಲೆಮಾರಿನಿಂದ ಕಾಪಾಡಿಕೊಂಡು ಬಂದದ್ದು ಎಂದು ಬರೆದಿತ್ತು. ಕೆಳಗೆ ದಾನಿಯ ಹೆಸರು. ಆ ಹೆಸರನ್ನು ಓದಿದ ಮೇಲೆ ಭ್ರಮೆ ಎನ್ನಲು ಏನೂ ಉಳಿಯಲಿಲ್ಲ. ನಾಟಕ ಕಂಪನಿಯ ಯಜಮಾನ. ಸತ್ತು ಹನ್ನೊಂದು ವರ್ಷವಾಗಿತ್ತು.

ಹದಿನಾಲ್ಕು ವರ್ಷದ ಹಿಂದೆ ಅವಳು ಆ ಕಂಪನಿಯ ಉಡುಪಿನ ಕೋಣೆ ನೋಡಿಕೊಳ್ಳುತ್ತಿದ್ದಳು. ರಾಜರು, ರಾಣಿಯರು, ಯುದ್ಧ, ಒಳಸಂಚು: ಕಂಪನಿ ಆಡುತ್ತಿದ್ದುದು ಇಂಥವನ್ನೇ. ಹೊಸ ಬಟ್ಟೆ ಎಂಬ ಮಾತೇ ಇರಲಿಲ್ಲ. ವಾರಕ್ಕೊಮ್ಮೆ ಹಳೆಬಟ್ಟೆಯ ಮಾರುಕಟ್ಟೆಗೆ ಹೋಗಿ ರಾಶಿಯೊಳಗೆ ಮೊಣಕೈವರೆಗೆ ಕೈಹಾಕಿ ತಡಕುತ್ತಿದ್ದಳು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕು, ಇದು ಉಣ್ಣೆ, ಇದು ಉಣ್ಣೆಯ ವೇಷ ಹಾಕಿದ ನೈಲಾನು ಎಂದು. ಅವಳ ಕೈಯಲ್ಲಿ ಕಿಟಕಿಯ ಪರದೆ ರಾಣಿಯ ನಿಲುವಂಗಿಯಾಗುತ್ತಿತ್ತು. ಮಂಚದ ಹೊದಿಕೆ ಮಂತ್ರಿಯ ಹೆಗಲೇರುತ್ತಿತ್ತು. ಬ್ಯಾಂಡಿನವರ ಹಳೆ ಸಮವಸ್ತ್ರ ಸಿಕ್ಕಿದ ದಿನ ಅವಳಿಗೆ ಊಟ ಬೇಕಿರಲಿಲ್ಲ. ಜರಿಪಟ್ಟಿ, ಹಿತ್ತಾಳೆ ಗುಂಡಿ ಎಲ್ಲವನ್ನೂ ಬಿಚ್ಚಿ ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಡುತ್ತಿದ್ದಳು. ಹೊಲಿದಾದ ಮೇಲೆ ಹಳತು ಮಾಡುವ ಕೆಲಸ. ಅಸ್ತರನ್ನು ಟೀ ನೀರಿನಲ್ಲಿ ಅದ್ದಬೇಕು, ಮೊಣಕೈಯನ್ನು ಉಪ್ಪುಕಾಗದದಿಂದ ಉಜ್ಜಬೇಕು, ಕೊರಳಪಟ್ಟಿಗೆ ಮೇಣ ಸವರಿ ಬೆರಳಿನಿಂದ ತಿಕ್ಕಬೇಕು. ಒಂದು ವಾರದಲ್ಲಿ ನೂರು ವರ್ಷ ತುಂಬಿಸುತ್ತಿದ್ದಳು.

ದಂಡನಾಯಕನ ಕೋಟಿಗೆಂದು ಕಂದುಬಣ್ಣದ ಒಳ್ಳೆಯ ಉಣ್ಣೆಯ ಮೇಲುಕೋಟೊಂದು ಸಿಕ್ಕಿತ್ತು. ಯಜಮಾನನಿಗೆ ಹಸಿರೇ ಬೇಕಾಗಿತ್ತು. ಅವಳು ಅದನ್ನು ಬಣ್ಣದ ಹಂಡೆಗೆ ಹಾಕಿದಳು. ಬಣ್ಣ ಹಿಡಿಯುತ್ತಿಲ್ಲವೆಂದು ಗಾಬರಿಬಿದ್ದು ಬೆಂಕಿ ಜೋರು ಮಾಡಿದಳು. ಕೋಲಿನಿಂದ ಎತ್ತಿದಾಗ ಕೋಟು ಆರು ವರ್ಷದ ಮಗುವಿಗೂ ಆಗದಷ್ಟು ಕುಗ್ಗಿ ರಟ್ಟಿನ ಹಾಗೆ ಗಟ್ಟಿಯಾಗಿತ್ತು. ಉಣ್ಣೆಯನ್ನು ಕುದಿಸಬಾರದು ಎಂಬುದು ಸಂಜೆ ತರಗತಿಯ ಎರಡನೆಯ ವಾರದ ಪಾಠ. ಮೊದಲ ಪ್ರದರ್ಶನಕ್ಕೆ ಮೂರು ದಿನ ಉಳಿದಿತ್ತು.

ಮನೆಯ ಬೀರುವಿನಲ್ಲಿ ಅಮ್ಮನ ಕೋಟಿತ್ತು. ಕಡುಹಸಿರು, ಒಳ್ಳೆ ಉಣ್ಣೆ, ಮೊಣಕಾಲಿನ ಕೆಳಗಿನವರೆಗೆ ಬರುವಂಥದ್ದು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದವಳು. ಮನೆಯಲ್ಲಿ ತೊಡುವ, ಹೊದೆಯುವ, ಹಾಸುವ ಎಲ್ಲವೂ ಇನ್ನೊಬ್ಬರ ಮೈಮೇಲಿಂದ ಬಂದದ್ದು. ಆ ಕೋಟೊಂದೇ ಅಂಗಡಿಯ ಗಾಜಿನ ಹಿಂದಿನಿಂದ ನೇರ ಅಮ್ಮನ ಮೈಗೆ ಬಂದದ್ದು. ಬೇಸಿಗೆಯಾದ್ದರಿಂದ ಬೀರುವಿನಲ್ಲಿತ್ತು. ಅಮ್ಮ ಪಾಳಿಗೆ ಹೋಗಿದ್ದಳು. ಕೇಳಿಯೇ ತೆಗೆದುಕೊಳ್ಳುತ್ತೇನೆ ಎಂದುಕೊಂಡು ಮಧ್ಯಾಹ್ನದವರೆಗೆ ಕಾದಳು. ಆಮೇಲೆ ಕತ್ತರಿ ತೆಗೆದುಕೊಂಡಳು.

ಹೆಂಗಸಿನ ಕೋಟು, ಆದ್ದರಿಂದ ಬಲಭಾಗ ಮೇಲೆ. ಗುಂಡಿ ತೂರಿಸುವ ಸೀಳುಗಳನ್ನು ಮುಚ್ಚಿ ಇನ್ನೊಂದು ಬದಿಗೆ ತೆಗೆಯಲು ಹೋದರೆ ಗುರುತು ಉಳಿಯುತ್ತಿತ್ತು. ಅದೇ ಚಿಂತೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಯಜಮಾನನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡಿದ್ದಳು. ಯಜಮಾನ ನಕ್ಕಿದ್ದ. “ಹತ್ತನೇ ಸಾಲಿಂದ ಯಾರಿಗಮ್ಮ ಕಾಣುತ್ತೆ? ದಂಡನಾಯಕ ಏನು ಎದ್ದು ಬಂದು ಕೇಳ್ತಾನಾ? ಕೊನೆ ಆಟ ಮುಗಿದ ದಿನ ಕೋಟು ನಿನ್ನ ಕೈಗೇ ಕೊಡ್ತೀನಿ. ಬಿಚ್ಚಿ ಮೊದಲಿನ ಹಾಗೆ ಹೊಲಿದು ನಿಮ್ಮಮ್ಮನಿಗೆ ಕೊಡು.”

ದಂಡನಾಯಕನ ಪಾತ್ರ ಮಾಡುತ್ತಿದ್ದವನು ಎಡಗೈಯಲ್ಲಿರಲಿ, ಬಲಗೈಯಲ್ಲೂ ಕತ್ತಿ ಎಳೆಯಲು ಬಾರದೆ ವಾರಕ್ಕೊಮ್ಮೆ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಎರಡು ವರ್ಷಕ್ಕೆ ಕಂಪನಿ ಮುಚ್ಚಿತು. ಕೋಟು ಕೇಳಲು ಹೋದಾಗ ಯಜಮಾನ, “ಎಲ್ಲಾ ನುಸಿ ತಿಂತಮ್ಮ, ಸುಟ್ಟುಬಿಟ್ಟೆ,” ಎಂದಿದ್ದ. ಅದನ್ನೇ ಅಮ್ಮನಿಗೆ ಹೇಳಿದಳು. ಅಮ್ಮ ನಂಬಲೂ ಇಲ್ಲ, ಬೇರೆ ಕೋಟು ತೊಡಲೂ ಇಲ್ಲ. ಮಗಳು ತಂದುಕೊಟ್ಟದ್ದನ್ನು ಕಟ್ಟು ಬಿಚ್ಚದೆ ಪಕ್ಕದ ಮನೆಯವಳಿಗೆ ಕೊಟ್ಟಳು. ಪ್ರತಿ ಚಳಿಗಾಲ ಎರಡು ಸ್ವೆಟರು ಒಂದರ ಮೇಲೊಂದು ಹಾಕಿಕೊಂಡು, ಕೇಳಿದವರಿಗೆಲ್ಲ ಮಗಳಿಗೆ ಕೇಳುವಂತೆ ಹೇಳುತ್ತಿದ್ದಳು: “ನನ್ನ ಕೋಟು ನಾಟಕಕ್ಕೆ ಹೋಗಿದೆ. ಮುಗಿದ ಮೇಲೆ ಬರುತ್ತೆ.”

“ಶುರು ಮಾಡ್ತೀರಾ?” ಎಂದರು ಮೇಡಂ.

ಅವಳು ಕೋಟಿನ ಎಡಭಾಗವನ್ನು ಎತ್ತಿ ಹರಿದ ಅಸ್ತರಿನೊಳಗೆ ಇಣುಕಿದಳು. ಟೀ ನೀರಿನಲ್ಲಿ ಅದ್ದಿದ ಹೋಟೆಲಿನ ಹಾಸಿಗೆ ಬಟ್ಟೆ. ಅದರ ಹಿಂದೆ ಮಷೀನಿನ ನೇರ ಹೊಲಿಗೆ. ಸ್ವಲ್ಪ ಮೇಲೆ, ಕೆಂಪು ದಾರದಲ್ಲಿ ಕಸೂತಿ ಮಾಡಿದ ಅಂಕಿ: ೩೧೨. ಆಸ್ಪತ್ರೆಯಲ್ಲಿ ಅಮ್ಮನ ನಂಬರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಬೇರೆಯವರು ಎತ್ತಿಕೊಂಡು ಹೋಗಬಾರದೆಂದು ಅಮ್ಮನೇ ಹಾಕಿಕೊಂಡದ್ದು.

“ಮೇಡಂ,” ಎಂದಳು. “ಇದು... ಇದು ನಾನು ಹೊಲಿದ ಕೋಟು. ನಾಟಕಕ್ಕೆ. ಒಳಗೆ ಮಷೀನ್ ಹೊಲಿಗೆ ಇದೆ, ನೋಡಿ. ಒಂದು ನಂಬರೂ ಇದೆ.”

ಮೇಡಂ ಬಗ್ಗಿ ನೋಡಲಿಲ್ಲ. ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದು ಕುರ್ಚಿಯಲ್ಲಿ ಕೂತರು.

“ನೋಡಿದ್ದೀನಿ,” ಎಂದರು.

“ಯಾವಾಗ?”

“ಹರಿದ ದಿನವೇ. ಟಾರ್ಚು ಹಾಕಿ ನೋಡಿದೆ. ಅವತ್ತು ಊಟ ಸೇರಲಿಲ್ಲ ನನಗೆ.” ಕನ್ನಡಕ ತೆಗೆದು ಒರೆಸಿಕೊಂಡರು. “ನೀವೇ ಹೊಲಿದದ್ದು ಅಂತ ಮಾತ್ರ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಮ್ಮನ್ನ ಕರೆಸ್ತಿರಲಿಲ್ಲ.”

ಮೇಡಂ ಒಂದೇ ಸಮನೆ ಮಾತಾಡಿದರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಪಠ್ಯಪುಸ್ತಕದಲ್ಲಿ ಬಂದಿದೆ. ಮಕ್ಕಳು ಎಡಗೈಲಿ ಕತ್ತಿ ಹಿಡಿದ ದಂಡನಾಯಕನ ಚಿತ್ರ ಬರೆದು ನನಗೆ ಕಳಿಸ್ತಾರೆ. ಎಡಗೈಲಿ ಬರೀತೀಯಾ ಅಂತ ಶಾಲೇಲಿ ಏಟು ತಿಂದ ಮಗು ಒಂದು ಈ ಕೋಟಿನ ಮುಂದೆ ಅರ್ಧ ಗಂಟೆ ನಿಂತಿತ್ತು, ಗೊತ್ತಾ? ಈಗ ಇದು ಸುಳ್ಳು ಅಂದರೆ ನನ್ನ ಕೆಲಸ ಹೋಗೋದು ಇರಲಿ, ಈ ಜಾಗವನ್ನೇ ಮುಚ್ಚಿಬಿಡ್ತಾರೆ. ಮುಚ್ಚೋಕೆ ನೆಪ ಹುಡುಕ್ತಾ ಇದ್ದಾರೆ.” ಆಮೇಲೆ ಮುಂದಕ್ಕೆ ಬಾಗಿ, ಮೆತ್ತಗೆ, “ನಿಮ್ಮ ಕೆಲಸ ಅಷ್ಟು ಚೆನ್ನಾಗಿತ್ತಮ್ಮ. ನಾನು ಓದಿದವಳು, ನನ್ನನ್ನೇ ಮೋಸ ಮಾಡ್ತು. ಹೊಗಳಿಕೆ ಅಂತ ತಗೊಳ್ಳಿ. ಅಸ್ತರು ಸೇರಿಸಿಬಿಡಿ.”

ಹೊಗಳಿಕೆ. ಅವಳ ಕಿವಿ ಕಾದುಹೋಯಿತು. ಆ ಕೈಗಳೇ ಬೇರೆ ಎಂದು ಈಗ ತಾನೇ ಹೇಳಿದ ಬಾಯಿ. ಗೊತ್ತಿದ್ದೂ ಹೇಳಿದ ಬಾಯಿ. ಹೇಳಬೇಕಾದದ್ದೆಲ್ಲ ಒಮ್ಮೆಲೇ ನುಗ್ಗಿ ಬಂದು ಒಂದೂ ಹೊರಬರಲಿಲ್ಲ. ಹೊರಬಂದದ್ದು ಇಷ್ಟೇ: “ಈ ಬಣ್ಣದ ದಾರ ತಂದಿಲ್ಲ ಮೇಡಂ. ನಾಳೆ ಬಂದು ಹೊಲೀತೀನಿ.”

ದಾರ ಚೀಲದಲ್ಲೇ ಇತ್ತು. ಬಸ್ಸಿನಲ್ಲಿ ಕೂತ ಮೇಲೆ ಕೈ ನೋಡಿಕೊಂಡಳು. ಕೈಗವಸುಗಳನ್ನು ಬಿಚ್ಚಿಕೊಡುವುದನ್ನೂ ಮರೆತು ಹಾಕಿಕೊಂಡೇ ಬಂದಿದ್ದಳು. ಎದುರು ಕೂತಿದ್ದವರು ಅವಳ ಕೈಯನ್ನೇ ನೋಡುತ್ತಿದ್ದರು.

ಅಮ್ಮ ಕಿಟಕಿಯ ಬಳಿ ಕೂತು ಕಾಲುಚೀಲದ ಹಿಮ್ಮಡಿಗೆ ತೇಪೆ ಹಾಕುತ್ತಿದ್ದಳು. ಮೈಮೇಲೆ ಎರಡು ಸ್ವೆಟರು. ಹೊರಗಿನದರ ತೋಳು ಗಿಡ್ಡವಾಗಿ ಒಳಗಿನದರ ಕಂದು ಬಣ್ಣ ಇಣುಕುತ್ತಿತ್ತು. ಎಪ್ಪತ್ತನಾಲ್ಕು ವರ್ಷ, ಕಣ್ಣು ಇನ್ನೂ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

“ಬಂದರಪ್ಪ ದೊಡ್ಡ ಮನುಷ್ಯರು,” ಎಂದಳು. “ಏನು ಹೊಲಿಸಿಕೊಂಡರು ಅಲ್ಲಿ? ಯಾವ ರಾಜ ಚಡ್ಡಿ ಹರಕೊಂಡಿದ್ದ?”

ಮಗಳು ನಿಂತುಕೊಂಡೇ ಹೇಳಿದಳು. ಎಲ್ಲವನ್ನೂ ಹೇಳಿದಳು, ಎಡಚ ದಂಡನಾಯಕ, ಯಜಮಾನನ ಆರು ತಲೆಮಾರು, ಟಾರ್ಚು, ಹೊಗಳಿಕೆ, ಯಾವುದನ್ನೂ ಬಿಡಲಿಲ್ಲ. ಅಮ್ಮನ ಸೂಜಿ ನಿಂತಿತು.

“ಗಾಜಿನ ಪೆಟ್ಟಿಗೇಲಿ ಇಡ್ತಾರಾ?”

“ಹೂಂ.”

“ಒಳಗೆ ಬೆಚ್ಚಗಿರುತ್ತಾ?”

“ಅದೇನೋ ಮಷೀನು ಇಟ್ಟಿದ್ದಾರಮ್ಮ. ಚಳಿ ಸೆಕೆ ಎರಡೂ ತಾಗದ ಹಾಗೆ.”

“ಚಳಿ ತಾಗಲ್ಲ,” ಎಂದಳು ಅಮ್ಮ. “ಕೋಟಿಗೆ ಚಳಿ ತಾಗಲ್ಲ. ಹದಿನಾಲ್ಕು ವರ್ಷದಿಂದ ನನ್ನ ಮೂಳೆ ಕಟಕಟ ಅಂತಿದೆ, ಕೋಟು ಬೆಚ್ಚಗೆ ಕೂತಿದೆ. ನೀನೇನಂದೆ ಅವಳಿಗೆ?”

“ನಾಳೆ ಬಂದು ಹೊಲೀತೀನಿ ಅಂದೆ.”

“ಹೊಲೀತೀಯಾ!” ಕಾಲುಚೀಲ ನೆಲಕ್ಕೆ ಬಿತ್ತು. “ಹೊಲೀತೀಯೇನೇ? ನನ್ನ ನಂಬರು ಒಳಗೆ ಹಾಕಿ ಹೊಲೀತೀಯಾ? ಹೆತ್ತಾಗ ಮಗಳು ಅಂತಲೇ ಅಂದ್ಕೊಂಡಿದ್ದೆ. ಕತ್ತರಿ ಅಂತ ಸೂಲಗಿತ್ತಿ ಒಂದು ಮಾತು ಹೇಳಲಿಲ್ಲ.”

ಈ ಮಾತನ್ನು ಅವಳು ಹದಿನಾಲ್ಕು ಚಳಿಗಾಲ ಬೇರೆ ಬೇರೆ ರೂಪದಲ್ಲಿ ಕೇಳಿ ತಲೆತಗ್ಗಿಸಿದ್ದಳು. ಇವತ್ತು ಯಾಕೋ ತಲೆ ತಗ್ಗಲಿಲ್ಲ.

“ಇಂಚಿಗೆ ಹದಿನಾರು ಟಾಕಿ ಎಣಿಸಿದ್ದಾರಮ್ಮ ಅವರು!” ಕಿರುಚಿದಳು. “ಈಗಿನವರಿಗೆ ಬರಲ್ಲ ಅಂದರು. ನನ್ನದು ಅದು, ನಾನು ಮಾಡಿದ್ದು! ಜನ್ಮದಲ್ಲಿ ಅದಕ್ಕಿಂತ ಚೆನ್ನಾಗಿ ಏನೂ ಹೊಲಿದಿಲ್ಲ ನಾನು, ಇನ್ನು ಮುಂದೆ ಹೊಲಿಯೋದೂ ಇಲ್ಲ. ಮೂರು ದಿನ ಮಲಗದೆ ಮಾಡಿದೆ. ಒಬ್ಬರು, ಒಬ್ಬರಾದರೂ, ಇವಳು ಮಾಡಿದ್ದು ಅನ್ನಬೇಡವಾ? ನೀನಾದರೂ ಒಂದು ದಿನ ಅಂದೆಯಾ?”

ಅಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಕೈಗವಸಿನವರೆಗೆ ನೋಡಿದಳು.

“ನಿನ್ನ ಟಾಕಿ ಯಾರು ಕೇಳಿದರು?” ಎಂದಳು. “ಅದು ನನ್ನ ಕೋಟು.”

ಮರುದಿನ ಬೆಳಿಗ್ಗೆ ಅವಳು ಚೀಲ ಹೆಗಲಿಗೇರಿಸಿದಾಗ ಅಮ್ಮ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಸಂಗ್ರಹಾಲಯದ ಹಿಂಬಾಗಿಲಿನ ಕಾವಲುಗಾರ, “ಅಜ್ಜಿ ಯಾರು?” ಎಂದ.

“ಸಹಾಯಕ್ಕೆ,” ಎಂದಳು ಮಗಳು.

“ಇವಳ ಕೈಗೆ ಕತ್ತರಿ ಕೊಟ್ಟಿದ್ದಾರಲ್ಲ, ಪಕ್ಕದಲ್ಲಿ ಒಬ್ಬರು ಬೇಕಪ್ಪ,” ಎಂದಳು ಅಮ್ಮ. “ನಿನ್ನ ಪ್ಯಾಂಟು ಹುಷಾರು.” ಅವನು ನಗುತ್ತ ಬಾಗಿಲು ತೆಗೆದ.

ಕೋಟು ನಿನ್ನೆ ಬಿಟ್ಟ ಹಾಗೆಯೇ ಮೇಜಿನ ಮೇಲೆ ಮಲಗಿತ್ತು. ಅಮ್ಮ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. ಜರಿಪಟ್ಟಿ ನೋಡಿದಳು, ಗುಂಡಿ ನೋಡಿದಳು, ಸವೆದ ಮೊಣಕೈ ನೋಡಿದಳು. ಕೊರಳಪಟ್ಟಿಗೆ ಮೂಗು ತಾಗಿಸಿ ಮೂಸಿದಳು. ಮತ್ತೆ ನೆಟ್ಟಗೆ ನಿಂತಳು.

“ಇದಲ್ಲ ಕಣೇ,” ಎಂದಳು. ಧ್ವನಿಯಲ್ಲಿ ಬೈಗುಳವಿರಲಿಲ್ಲ. “ಇದು ನಿಜವಾಗಲೂ ಯಾವುದೋ ಹಳೇ ಕಾಲದ್ದು. ನೀನು ತಪ್ಪು ತಿಳ್ಕೊಂಡಿದೀಯ.”

ಮಗಳಿಗೆ ಒಂದು ಕ್ಷಣ, ಒಂದೇ ಕ್ಷಣ, ಹೌದಮ್ಮ ಎಂದುಬಿಡೋಣ ಅನ್ನಿಸಿತು. ಹೌದೆಂದರೆ ಅಸ್ತರು ಸೇರಿಸಿ ಮನೆಗೆ ಹೋಗಬಹುದು. ಕೋಟು ಗಾಜಿನೊಳಗೆ ಹಾಗೇ ಇರುತ್ತದೆ, ಒಂದು ಟಾಕಿಯೂ ಬಿಚ್ಚದೆ, ತಾನು ಸತ್ತ ಮೇಲೂ.

ಅಮ್ಮನ ಕೈ ಹಿಡಿದು ಹರಿದ ಅಸ್ತರಿನೊಳಗೆ ತೂರಿಸಿದಳು.

ಅಮ್ಮನ ಬೆರಳು ಒಳಗೆ ತಡಕಿತು. ನಿಂತಿತು. ಮೂರು ಅಂಕಿಗಳನ್ನು ಒಂದೊಂದಾಗಿ ಸವರುತ್ತಿರುವುದು ಹೊರಗಿನಿಂದಲೇ ಕಾಣುತ್ತಿತ್ತು. ಅವಳು ಕೈ ಹೊರತೆಗೆದು ಮೇಲಿನ ಸ್ವೆಟರು ಬಿಚ್ಚಿದಳು. ಆಮೇಲೆ ಒಳಗಿನದು. ಎರಡನ್ನೂ ಮಡಿಚಿ ಕುರ್ಚಿಯ ಮೇಲಿಟ್ಟಳು.

“ಹಿಡಿ,” ಎಂದಳು.

ಮಗಳು ಕೋಟನ್ನು ಎತ್ತಿ ಹಿಡಿದಳು. ಅಮ್ಮ ತೋಳು ತೂರಿಸಿದಳು. ದಂಡನಾಯಕನಿಗೆಂದು ಹತ್ತಿ ತುಂಬಿಸಿ ಎತ್ತರಿಸಿದ ಭುಜ ಅವಳ ಭುಜದಿಂದ ನಾಲ್ಕು ಬೆರಳು ಆಚೆ ನಿಂತಿತು. ಮಖಮಲ್ಲಿನ ಮಡಿಕೆಗಳು ಬೆರಳುಗಳನ್ನು ಪೂರ್ತಿ ಮುಚ್ಚಿದವು. ಆದರೆ ಗುಂಡಿ ಹಾಕುವಾಗ ಅವಳು ಕೆಳಗೆ ನೋಡಲಿಲ್ಲ. ಬಲಭಾಗ ಮೇಲೆ, ಕೆಳಗಿನಿಂದ ಶುರುಮಾಡಿ, ಪಾಳಿಗೆ ಹೊತ್ತಾದಾಗ ಹಾಕಿಕೊಳ್ಳುತ್ತಿದ್ದ ಹಾಗೆ ಸರಸರನೆ ಮೇಲಿನವರೆಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು.

ಮೇಡಂ ಟೀ ಲೋಟ ಹಿಡಿದುಕೊಂಡು ಒಳಗೆ ಬಂದರು.

“ಅಯ್ಯೋ! ಏನಿದು? ಯಾರಿವರು? ತೆಗೀರಿ, ಮೊದಲು ತೆಗೀರಿ! ಅದು ದಂಡನಾಯಕನ...” ಬಾಯಿ ಅಭ್ಯಾಸದಿಂದ ಹೇಳಿಬಿಟ್ಟಿತ್ತು.

“ಯಾರದು?” ಎಂದಳು ಅಮ್ಮ. “ಹೇಳಮ್ಮ, ಕೇಳೋಣ. ಮುನ್ನೂರ ಹನ್ನೆರಡು ನಾನೇ. ಆಸ್ಪತ್ರೇಲಿ ಮೂವತ್ತು ವರ್ಷ ಒಗೆದಿದ್ದೀನಿ. ಯಾವ ದಂಡನಾಯಕನೂ ಬಂದು ಒಂದು ಬೆಡ್‌ಶೀಟು ಹಿಂಡಲಿಲ್ಲ.”

“ನೋಡೀಮ್ಮ, ನೀವು ದೊಡ್ಡವರು. ಅದು ಈಗ ಸಂಗ್ರಹಾಲಯದ ಆಸ್ತಿ. ದಾನಪತ್ರ ಇದೆ.”

“ಕೊಟ್ಟವನು ಹಾಕ್ಕೊಂಡು ತಿರುಗಿದ್ದನಾ ಇದನ್ನ? ಇದರಲ್ಲಿ ಚಳಿ ಕಳೆದಿದ್ದನಾ?”

ಮೇಡಂ ಮಗಳ ಕಡೆ ತಿರುಗಿದರು. “ನೀವು ತಿಳಿದೋರು. ಇವರಿಗೆ ಹೇಳಿ. ಇಲ್ಲದಿದ್ದರೆ ಕಾವಲಿನವರನ್ನ ಕರೀಬೇಕಾಗುತ್ತೆ.”

ಹೊಲಿಗೆಯವಳು ಸೂಜಿಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಈ ಸಲ ಮಾತು ಹೊರಬಂತು, ಒಂದೊಂದಾಗಿ, ತುಂಡುತುಂಡಾಗಿ.

“ಕರೀರಿ. ಬಂದವರಿಗೆ ನಂಬರು ತೋರಿಸ್ತೀನಿ. ಸೋಮವಾರ ಬರೋರಿಗೂ ತೋರಿಸ್ತೀನಿ. ನಿಮ್ಮ ಹನ್ನೆರಡು ವರ್ಷ ಅಂತೀರಿ. ನಿನ್ನೆಯಿಂದ ಅದನ್ನೇ ಯೋಚನೆ ಮಾಡ್ತಿದ್ದೀನಿ, ನಿಮಗೆ ಅನ್ಯಾಯ ಆಗುತ್ತಾ ಅಂತ. ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ನೀವು ಒಳಗೆ ನೋಡಿದಿರಿ ಮೇಡಂ. ನೋಡಿ, ಆ ಹರುಕಿನ ಬಾಯಿ ಮುಚ್ಚೋಕೆ ದರ್ಜಿಯನ್ನ ಕರೆಸಿದಿರಿ. ಆ ಕೈಗಳೇ ಬೇರೆ ಅಂದಿರಿ, ನನ್ನ ಮುಖ ನೋಡಿಕೊಂಡು.”

ಮೇಡಂ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟರು. ಹೊರಗೂ ಹೋಗಲಿಲ್ಲ, ಕರೆಯಲೂ ಇಲ್ಲ. ಇನ್ನೊಂದು ಕೈಯಲ್ಲಿದ್ದ ಟೀ ವಾಲಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ದೂರದ ಕೊಠಡಿಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು.

ಅವಳು ನಿನ್ನೆಯ ಕೈಗವಸುಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ಎತ್ತಿಕೊಂಡಳು. ಅಮ್ಮನ ಮುಂದೆ ಕೂತು ಎದೆಯ ಜರಿಪಟ್ಟಿಯ ಅಂಚು ಹುಡುಕಿದಳು. ಟಾಕಿಗಳು ಅಷ್ಟು ಸಣ್ಣವಿದ್ದವು, ಅಷ್ಟು ಬಿಗಿಯಾಗಿದ್ದವು, ಕತ್ತರಿಯ ತುದಿ ಒಳಗೆ ಹೋಗಲು ಒಪ್ಪಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಒಂದು ಟಾಕಿ ಕತ್ತರಿಸಿತು. ಆಮೇಲೆ ಇನ್ನೊಂದು. ಯಾವ ಟಾಕಿಯನ್ನು ಯಾವ ಹೊತ್ತಿನಲ್ಲಿ ಹಾಕಿದ್ದೆನೆಂದು ಕೈಗೆ ನೆನಪಿತ್ತು. ಇಲ್ಲಿ ದಾರ ಮುಗಿದಿತ್ತು. ಇಲ್ಲಿ ಬೆರಳು ಚುಚ್ಚಿಕೊಂಡು ಬಾಯಲ್ಲಿಟ್ಟುಕೊಂಡಿದ್ದಳು. ಇಲ್ಲಿಗೆ ಬರುವಾಗ ಬೆಳಕು ಹರಿದಿತ್ತು. ಜರಿಪಟ್ಟಿ ಒಂದು ಗೇಣು ಬಿಟ್ಟುಕೊಂಡು ತೊಡೆಯ ಮೇಲೆ ಇಳಿಬಿತ್ತು. ಅದರ ಅಡಿಯಲ್ಲಿದ್ದ ಉಣ್ಣೆ ಮಾಸಿರಲಿಲ್ಲ. ಅಂಗಡಿಯಲ್ಲಿದ್ದ ದಿನದ ಹಸಿರು ಒಂದು ಗೆರೆಯಷ್ಟು ಹಾಗೇ ಉಳಿದಿತ್ತು.

ಅಮ್ಮ ಅದನ್ನು ನೋಡುತ್ತ ಕೂತಿದ್ದಳು. ಬಿಚ್ಚಿದ ದಾರದ ತುಂಡೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

“ಗಟ್ಟಿಯಾಗಿ ಹೊಲಿದಿದ್ದೀಯ,” ಎಂದಳು.

ಮಗಳು ತಲೆಯೆತ್ತಲಿಲ್ಲ.

“ಅದಿರಲಿ. ಜರಿ ಆಮೇಲೆ ಬಿಚ್ಚು. ಮೊದಲು ಜೇಬು ಬಿಚ್ಚು, ಕೈ ತಣ್ಣಗಾಗಿದೆ.”

ದಂಡನಾಯಕನಿಗೆ ಜೇಬು ಬೇಡವೆಂದು ಅವಳು ಎರಡನ್ನೂ ಜೋಡಿ ದಾರದಲ್ಲಿ ಮುಚ್ಚಿ, ಮೇಲೆ ಸುಳ್ಳು ಪಟ್ಟಿ ಹೊಲಿದಿದ್ದಳು. ನೆಲಕ್ಕೆ ಮೊಣಕಾಲೂರಿ ಬಲಗಡೆಯ ಪಟ್ಟಿ ಎತ್ತಿದಳು. ಒಂದೊಂದೇ ಟಾಕಿ ಬಿಟ್ಟುಕೊಂಡಿತು. ಆಮೇಲೆ ಎಡಗಡೆ. ಬಾಗಿಲ ಬಳಿ ಮೇಡಂ ಇನ್ನೂ ನಿಂತಿದ್ದರು.

ಅಮ್ಮ ಮಖಮಲ್ಲಿನ ಮಡಿಕೆಗಳನ್ನು ಹಿಂದಕ್ಕೆ ಸರಿಸಿ ಎರಡೂ ಕೈಗಳನ್ನು ಜೇಬಿನೊಳಗೆ ಇಳಿಸಿದಳು. ಮಣಿಕಟ್ಟಿನವರೆಗೆ ಹೋದವು. ಒಳಗೆ ಬೆರಳುಗಳು ಮೂಲೆಮೂಲೆ ತಡಕಿ, ಮುಷ್ಟಿಯಾಗಿ, ಅಲ್ಲೇ ಉಳಿದವು.